ನ್ಯಾನೊ ಸೆರಾಮಿಕ್ ಕಿಟಕಿ ಫಿಲ್ಮ್: ವಿಜಯಪುರದ ಪಡುವಣ ಬಿಸಿಲಿಗೆ ಇದು ಎಷ್ಟು ತಡೆ?

ವಿಜಯಪುರದಲ್ಲಿ ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ ಇರಿಸಿ ಮನೆ ಕಟ್ಟಿಸಿಕೊಂಡವರಿಗೆ ಮೇ ತಿಂಗಳ ಇಳಿಹೊತ್ತಿನ ಝಳವನ್ನು ವಿವರಿಸಬೇಕಾಗಿಲ್ಲ. ಈ ಊರು ಹೆಚ್ಚುಕಡಿಮೆ 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೆಯ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ತಾಗುವುದಿಲ್ಲ, ಆದರೆ ಮೂರು ಗಂಟೆಯ ನಂತರ ಓರೆಯಾಗಿ ಇಳಿಯುವ ಬಿಸಿಲು ಸಜ್ಜಾದ ಕೆಳಗಿನಿಂದ ನುಗ್ಗಿ ಕೋಣೆಯ ಒಳಗೋಡೆಯವರೆಗೂ ಹರಡುತ್ತದೆ. ಅಂಥ ಕಿಟಕಿಗೆಂದೇ ಈಗ ನಮ್ಮ ಊರಿನ ಗಾಜು ಮತ್ತು ಅಲ್ಯೂಮಿನಿಯಂ ಅಂಗಡಿಗಳಲ್ಲಿ ‘ನ್ಯಾನೊ ಸೆರಾಮಿಕ್ ಹೀಟ್ ಕಂಟ್ರೋಲ್ ಫಿಲ್ಮ್’ ಎಂಬ ಪಾರದರ್ಶಕ ಹಾಳೆ ಮಾರಾಟಕ್ಕೆ ಬಂದಿದೆ. ನಮ್ಮ ಮನೆಯ ಓದುವ ಕೋಣೆಗೆ ಅದನ್ನು ಅಂಟಿಸಿ ಒಂದು ಪೂರ್ಣ ಬೇಸಿಗೆ ಕಳೆದಿರುವುದರಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬ್ರ್ಯಾಂಡಿನ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಹೇಳುವುದಿಲ್ಲ. ಈ ಬಗೆಯ ಫಿಲ್ಮುಗಳೆಲ್ಲವೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ, ಮತ್ತು ಅವುಗಳನ್ನು ಮಾರುವ ರೀತಿಯಲ್ಲಿರುವ ಅತಿಶಯೋಕ್ತಿಯೂ ಒಂದೇ.

ಮಾರುವ ರೀತಿಯಿಂದಲೇ ಆರಂಭಿಸುತ್ತೇನೆ. ಅಂಗಡಿಯ ಮೇಜಿನ ಮೇಲೆ ಕೆಂಪಗೆ ಉರಿಯುವ 250 ವ್ಯಾಟಿನ ಹೀಟ್ ಲ್ಯಾಂಪ್ ಒಂದನ್ನು ಇಟ್ಟಿರುತ್ತಾರೆ. ಅದರ ಮುಂದೆ ಮೊದಲು ಬರಿಯ ಗಾಜು, ನಂತರ ಫಿಲ್ಮ್ ಅಂಟಿಸಿದ ಗಾಜು ಹಿಡಿಯುತ್ತಾರೆ. “ಕೈ ಇಟ್ಟು ನೋಡ್ರಿ ಸರ್, ಝಳ ಹತ್ತಂಗೇ ಇಲ್ಲ” ಎಂದು ಹುಡುಗ ಹೇಳಿದಾಗ ನಿಜಕ್ಕೂ ಅಂಗೈಗೆ ಬಿಸಿ ತಾಗುವುದಿಲ್ಲ. ಬಳಿಕ ಸಣ್ಣದೊಂದು ಮೀಟರಿನ ನಡುವೆ ಫಿಲ್ಮಿನ ತುಂಡನ್ನು ತೂರಿಸಿ, ‘ಅವಕೆಂಪು ತಡೆ ಶೇ 92’ ಎಂಬ ಅಂಕಿಯನ್ನು ತೋರಿಸುತ್ತಾರೆ. ಅವಕೆಂಪು ಎಂದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಇವೆರಡರಲ್ಲೂ ಸುಳ್ಳಿಲ್ಲ, ಆದರೆ ಇವೆರಡನ್ನೂ ನೋಡಿದ ಗಿರಾಕಿ ತನ್ನ ಕಿಟಕಿಯಿಂದ ಬರುವ ಸೆಕೆಯಲ್ಲಿ ನೂರಕ್ಕೆ ತೊಂಬತ್ತೆರಡು ಪಾಲು ನಿಲ್ಲುತ್ತದೆಂದು ನಂಬಿ ಮನೆಗೆ ಹೋಗುತ್ತಾನೆ, ಮತ್ತು ಆ ನಂಬಿಕೆಯನ್ನು ತಿದ್ದುವ ಗೋಜಿಗೆ ಅಂಗಡಿಯವರಾರೂ ಹೋಗುವುದಿಲ್ಲ.

ಹೀಟ್ ಲ್ಯಾಂಪಿನ ತಂತಿಯ ತಾಪ 2400–2500 ಕೆಲ್ವಿನ್ನಿನ ಆಸುಪಾಸಿನದು. ಅದರ ವಿಕಿರಣದ ಶಿಖರ 1200 ನ್ಯಾನೊಮೀಟರಿನ ಸುತ್ತಮುತ್ತ, ಅಂದರೆ ಅವಕೆಂಪಿನಲ್ಲಿ ಬೀಳುತ್ತದೆ. ಸೂರ್ಯನ ಮೇಲ್ಮೈ 5800 ಕೆಲ್ವಿನ್ನಿನ ಹತ್ತಿರದ್ದಾದ್ದರಿಂದ ಅದರ ಶಿಖರ 500 ನ್ಯಾನೊಮೀಟರಿನ ಬಳಿ, ಕಣ್ಣಿಗೆ ಕಾಣುವ ಬೆಳಕಿನ ನಡುವೆಯೇ ಇದೆ. ನೆಲಕ್ಕೆ ತಲಪುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಅವಕೆಂಪು, ಶೇ 44ರಷ್ಟು ಕಾಣುವ ಬೆಳಕು, ಉಳಿದ ಅಲ್ಪ ಪಾಲು ಅತಿನೇರಳೆ. ಕಾಣುವ ಬೆಳಕೂ ಕೋಣೆಯೊಳಗೆ ಗೋಡೆ, ನೆಲ, ಪುಸ್ತಕಗಳ ಮೇಲೆ ಬಿದ್ದು ಹೀರಲ್ಪಟ್ಟ ಮೇಲೆ ಬಿಸಿಯೇ ಆಗುತ್ತದೆ. ಹೀಗಿರುವಾಗ ಅವಕೆಂಪಿನ ಮೂಲದ ಮುಂದೆ ಅವಕೆಂಪನ್ನು ತಡೆಯುವ ಹಾಳೆಯನ್ನು ಹಿಡಿದು ತೋರಿಸಿದರೆ ಫಲಿತಾಂಶ ಭರ್ಜರಿಯಾಗಿ ಕಾಣುವುದು ಸಹಜ. ಆ ಪುಟ್ಟ ಮೀಟರಂತೂ 950 ನ್ಯಾನೊಮೀಟರಿನ ಆಸುಪಾಸಿನ ಒಂದೇ ತರಂಗದೂರವನ್ನು ಅಳೆಯುವಂಥದ್ದು.

ಇಷ್ಟು ಆಕ್ಷೇಪದ ನಂತರ, ಈ ಹಾಳೆಯೊಳಗಿನ ವಿಜ್ಞಾನ ಮಾತ್ರ ನಿಜಕ್ಕೂ ಸೊಗಸಾದದ್ದೆಂದು ಒಪ್ಪಿಕೊಳ್ಳಬೇಕು. ಭೌತಶಾಸ್ತ್ರ ಪಾಠ ಮಾಡುವವನಿಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದಾದ ಇಷ್ಟು ಒಳ್ಳೆಯ ಉದಾಹರಣೆ ಮತ್ತೊಂದು ಸಿಗುವುದು ಅಪರೂಪ.

ಬೆಳಕನ್ನು ಒಳಗೆ ಬಿಟ್ಟು, ಬೆಳಕಿನ ಪಕ್ಕದಲ್ಲೇ ಇರುವ ಅವಕೆಂಪನ್ನು ಮಾತ್ರ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಸಾದಾ ಕಪ್ಪು ಫಿಲ್ಮಿನಲ್ಲಿರುವ ಬಣ್ಣ ಕಾಣುವ ಬೆಳಕನ್ನು ಹೀರಿ ಕೋಣೆಯನ್ನು ಕತ್ತಲಾಗಿಸುತ್ತದೆ, ಅವಕೆಂಪನ್ನು ಮಾತ್ರ ಬಹುಪಾಲು ಒಳಗೆ ಬಿಡುತ್ತದೆ. ಲೋಹದ ಲೇಪವಿರುವ ಕನ್ನಡಿಯಂಥ ಫಿಲ್ಮು ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ, ಆದರೆ ರಾತ್ರಿ ದೀಪ ಹಚ್ಚಿದಾಗ ಒಳಗಿನವರಿಗೆ ತಮ್ಮ ಮುಖವೇ ಕಾಣುತ್ತದೆ, ಮೊಬೈಲ್ ಸಿಗ್ನಲ್ ಕೂಡ ಕುಗ್ಗುತ್ತದೆ. ನ್ಯಾನೊ ಸೆರಾಮಿಕ್ ಫಿಲ್ಮಿನಲ್ಲಿ ಇರುವುದು ಡೋಪ್ ಮಾಡಿದ, ಅಂದರೆ ಬೇರೊಂದು ಧಾತುವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ, ಅರೆವಾಹಕ ಆಕ್ಸೈಡಿನ ಸೂಕ್ಷ್ಮ ಹರಳುಗಳು. ತವರದ ಆಕ್ಸೈಡಿಗೆ ಆಂಟಿಮನಿ, ಇಂಡಿಯಂ ಆಕ್ಸೈಡಿಗೆ ತವರ, ಟಂಗ್‌ಸ್ಟನ್ ಆಕ್ಸೈಡಿಗೆ ಸೀಸಿಯಂ ಸೇರಿಸಿದ ಹರಳುಗಳು ಈ ಉದ್ಯಮದಲ್ಲಿ ಹೆಚ್ಚು ಬಳಕೆಯಲ್ಲಿವೆ. ಕೆಲವೇ ಹತ್ತು ನ್ಯಾನೊಮೀಟರ್ ಗಾತ್ರದ ಈ ಹರಳುಗಳನ್ನು ಪಾಲಿಮರಿನಲ್ಲಿ ಹದವಾಗಿ ಬೆರೆಸಿ, ಪಾಲಿಯೆಸ್ಟರ್ ಹಾಳೆಯ ಮೇಲೆ ತೆಳುವಾಗಿ ಲೇಪಿಸುತ್ತಾರೆ ಅಥವಾ ಅಂಟಿನ ಪದರದಲ್ಲೇ ಸೇರಿಸುತ್ತಾರೆ.

ಡೋಪಿಂಗ್ ಇಲ್ಲಿ ಮಾಡುವ ಕೆಲಸ ಇಷ್ಟು. ಶುದ್ಧ ತವರದ ಆಕ್ಸೈಡಿನ ಬ್ಯಾಂಡ್ ಗ್ಯಾಪ್, ಅಂದರೆ ಬಂಧದಲ್ಲಿರುವ ಎಲೆಕ್ಟ್ರಾನನ್ನು ಬಿಡಿಸಿ ಓಡಾಡುವಂತೆ ಮಾಡಲು ಬೆಳಕು ಕೊಡಬೇಕಾದ ಕನಿಷ್ಠ ಶಕ್ತಿ, ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್. ಆದ್ದರಿಂದ 350 ನ್ಯಾನೊಮೀಟರಿಗಿಂತ ಕಿರಿದಾದ ತರಂಗದೂರದ ಅತಿನೇರಳೆಯನ್ನಷ್ಟೇ ಅದು ಹೀರುತ್ತದೆ, ಕಾಣುವ ಬೆಳಕಿಗೂ ಅವಕೆಂಪಿಗೂ ದಾರಿ ಬಿಡುತ್ತದೆ. ನಾಲ್ಕು ವೇಲೆನ್ಸಿಯ ತವರದ ಜಾಗದಲ್ಲಿ ಐದು ವೇಲೆನ್ಸಿಯ ಆಂಟಿಮನಿ ಬಂದು ಕುಳಿತಾಗ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಉಳಿದು ಹರಳಿನೊಳಗೆ ಮುಕ್ತವಾಗಿ ಓಡಾಡುತ್ತದೆ. ಇಂಥ ಎಲೆಕ್ಟ್ರಾನುಗಳ ಸಂಖ್ಯೆ ಒಂದು ಘನ ಸೆಂಟಿಮೀಟರಿಗೆ 10ರ 20ನೇ ಘಾತದಿಂದ 21ನೇ ಘಾತದವರೆಗೆ ಏರಿದಾಗ, ಹೊರಗಿನಿಂದ ಬಂದ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ಅವೆಲ್ಲವೂ ಒಟ್ಟಾಗಿ, ಹೊತ್ತು ನಡೆಯುವ ಕೊಡದೊಳಗಿನ ನೀರು ತುಳುಕುವಂತೆ, ಹರಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ತೂಗಾಡುತ್ತವೆ. ಈ ತೂಗಾಟಕ್ಕೆ ತನ್ನದೇ ಆದ ಒಂದು ಆವೃತ್ತಿಯಿದೆ. ಆ ಆವೃತ್ತಿಯ ಬೆಳಕು ಬಂದರೆ ಹರಳು ಅದನ್ನು ಗಪ್ಪನೆ ಹೀರುತ್ತದೆ. ಇದನ್ನೇ ಪ್ಲಾಸ್ಮಾನ್ ಅನುರಣನ ಎನ್ನುತ್ತಾರೆ. ಮುಕ್ತ ಎಲೆಕ್ಟ್ರಾನುಗಳ ಸಾಂದ್ರತೆಯ ವರ್ಗಮೂಲಕ್ಕೆ ತಕ್ಕಂತೆ ಈ ಆವೃತ್ತಿ ಏರುತ್ತದೆ. ಬೆಳ್ಳಿಯಲ್ಲಿ ಆ ಸಾಂದ್ರತೆ 10ರ 22ನೇ ಘಾತವನ್ನು ದಾಟಿರುವುದರಿಂದ ಬೆಳ್ಳಿಯ ನ್ಯಾನೊಕಣಗಳು 400 ನ್ಯಾನೊಮೀಟರಿನ ಬಳಿ, ನೇರಳೆ ಬೆಳಕನ್ನು ಹೀರಿ ಹಳದಿಯಾಗಿ ಕಾಣುತ್ತವೆ. ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳು ಕಡಿಮೆ ಇರುವುದರಿಂದಲೇ ಹೀರಿಕೆ ಕಾಣುವ ಬೆಳಕನ್ನು ಬಿಟ್ಟು ಅವಕೆಂಪಿಗೆ ಸರಿಯುತ್ತದೆ, ಹಾಳೆ ಪಾರದರ್ಶಕವಾಗಿ ಉಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಲಾಭವೂ ಇದೆ. ಹೆಚ್ಚಿನ ಎಲೆಕ್ಟ್ರಾನುಗಳು ವಹನ ಪಟ್ಟಿಯ, ಅಂದರೆ ಮುಕ್ತ ಎಲೆಕ್ಟ್ರಾನುಗಳಿಗೆ ಸಿಗುವ ಶಕ್ತಿಮಟ್ಟಗಳ, ತಳವನ್ನು ತುಂಬಿಬಿಡುವುದರಿಂದ ಹೀರಿಕೆಯ ಅಂಚು ಇನ್ನಷ್ಟು ಕಿರಿದಾದ ತರಂಗದೂರದ ಕಡೆಗೆ ಜರುಗುತ್ತದೆ. 1954ರಲ್ಲಿ ಬರ್ಸ್ಟೀನ್ ಮತ್ತು ಮಾಸ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆಬೇರೆಯಾಗಿಯೇ ಇದಕ್ಕೆ ವಿವರಣೆ ನೀಡಿದರು. ಡೋಪಿಂಗ್ ಹೆಚ್ಚಿದಂತೆ ನೇರಳೆ ಬೆಳಕು ಇನ್ನಷ್ಟು ಸಲೀಸಾಗಿ ದಾಟುವುದು ಇದರಿಂದಲೇ.

ಕರಪತ್ರಗಳಲ್ಲಿ ‘ನ್ಯಾನೊ’ ಎಂಬ ಪದವನ್ನು ಮಂತ್ರದಂತೆ ಬಳಸುತ್ತಾರೆ, ಹರಳು ಸಣ್ಣದಾಗಿರುವುದರಿಂದಲೇ ಸೆಕೆ ನಿಲ್ಲುತ್ತದೆ ಎಂಬ ಧಾಟಿಯಲ್ಲಿ. ಸೆಕೆಯನ್ನು ನಿಲ್ಲಿಸುವವು ಡೋಪಿಂಗ್ ಒದಗಿಸಿದ ಎಲೆಕ್ಟ್ರಾನುಗಳು. ಹರಳಿನ ಸಣ್ಣತನಕ್ಕಿರುವ ಮುಖ್ಯ ಕೆಲಸವೆಂದರೆ ಹಾಳೆಯನ್ನು ಮಬ್ಬಾಗದಂತೆ ಕಾಯುವುದು. ಬೆಳಕಿನ ತರಂಗದೂರಕ್ಕಿಂತ ಬಹಳ ಸಣ್ಣದಾದ ಕಣ ಬೆಳಕನ್ನು ಚದುರಿಸುವ ಪ್ರಮಾಣ ಅದರ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವ್ಯಾಸ ಎರಡು ಪಟ್ಟಾದರೆ ಚದುರಿಕೆ 64 ಪಟ್ಟಾಗುತ್ತದೆ. ಪಾಲಿಮರಿನೊಳಗೆ ಹರಳುಗಳು ಬಿಡಿಬಿಡಿಯಾಗಿ ಹರಡದೆ ಗಂಟುಕಟ್ಟಿಕೊಂಡರೆ ಎಷ್ಟೇ ಒಳ್ಳೆಯ ಆಕ್ಸೈಡ್ ಹಾಕಿದ್ದರೂ ಫಿಲ್ಮು ಹಾಲು ಬೆರೆತಂತೆ ಕಾಣುತ್ತದೆ. ಅಗ್ಗದ ಫಿಲ್ಮಿಗೂ ದುಬಾರಿ ಫಿಲ್ಮಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೆಂದರೆ ಇದೇ, ಮತ್ತು ಅದು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ. ಓರೆಯಾಗಿ ಬಿಸಿಲು ಬೀಳುವಾಗ ಹಾಳೆಯನ್ನು ಹಿಡಿದು ಅದರಾಚೆಯ ಕಪ್ಪು ವಸ್ತುವೊಂದನ್ನು ನೋಡಬೇಕು. ಹರಳುಗಳು ಪರಸ್ಪರ ತಾಗದೆ ಪಾಲಿಮರಿನಲ್ಲಿ ಬೇರೆಬೇರೆಯಾಗಿ ಉಳಿಯುವುದರಿಂದ ಹಾಳೆಯುದ್ದಕ್ಕೂ ವಿದ್ಯುತ್ ಹರಿಯುವ ದಾರಿ ಏರ್ಪಡುವುದಿಲ್ಲ, ಹೀಗಾಗಿ ಮೊಬೈಲ್ ಸಿಗ್ನಲ್ಲಿಗೂ ತೊಂದರೆಯಿಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಮೊದಲಿನಂತೆಯೇ ಇದೆ.

ಕೊಂಡ ಹಾಳೆ ನಿಜವಾಗಿಯೂ ಇಂಥದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಮನೆಯಲ್ಲೇ ಒಂದು ಉಪಾಯವಿದೆ. ಟಿವಿ ರಿಮೋಟಿನ ತುದಿಯಲ್ಲಿರುವ ಪುಟ್ಟ ಎಲ್‌ಇಡಿ ಸಾಮಾನ್ಯವಾಗಿ 940 ನ್ಯಾನೊಮೀಟರಿನ ಅವಕೆಂಪನ್ನು ಸೂಸುತ್ತದೆ. ಅದು ಕಣ್ಣಿಗೆ ಕಾಣದಿದ್ದರೂ ಅನೇಕ ಮೊಬೈಲುಗಳ ಸೆಲ್ಫಿ ಕ್ಯಾಮೆರಾಕ್ಕೆ ನಸುನೇರಳೆ ಚುಕ್ಕೆಯಾಗಿ ಕಾಣುತ್ತದೆ. ರಿಮೋಟಿಗೂ ಕ್ಯಾಮೆರಾಕ್ಕೂ ನಡುವೆ ಸಾದಾ ಕಪ್ಪು ಫಿಲ್ಮಿನ ತುಂಡು ಹಿಡಿದಾಗ ಸುತ್ತಲಿನ ಕೋಣೆಯೆಲ್ಲ ಮಂಕಾಯಿತು, ಆದರೆ ಆ ಚುಕ್ಕೆ ಮಾತ್ರ ಮೊದಲಿನಷ್ಟೇ ಹೊಳೆಯಿತು. ನ್ಯಾನೊ ಸೆರಾಮಿಕ್ ತುಂಡು ಹಿಡಿದಾಗ ಕೋಣೆ ಬಹುತೇಕ ಮೊದಲಿನಂತೆಯೇ ಬೆಳ್ಳಗೆ ಕಂಡಿತು, ಚುಕ್ಕೆ ಕಾಣೆಯಾಯಿತು. ಹೆಚ್ಚಿನ ಬೆಲೆ ತೆತ್ತು ಸಾದಾ ಮಾಲು ಮನೆಗೆ ತರುವುದನ್ನು ತಪ್ಪಿಸಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಇದು ಹಾಳೆಯ ಜಾತಿಯನ್ನು ಹೇಳುತ್ತದೆಯೇ ಹೊರತು ಒಟ್ಟು ಎಷ್ಟು ಸೆಕೆ ನಿಲ್ಲುತ್ತದೆಂಬುದನ್ನಲ್ಲ, ಏಕೆಂದರೆ ಇಲ್ಲಿಯೂ ಅಳೆಯುತ್ತಿರುವುದು ಒಂದೇ ತರಂಗದೂರವನ್ನು.

ಉಳಿದ ತುಂಡೊಂದನ್ನು ಬೆಳಗಾವಿಯ ಕಾಲೇಜೊಂದರಲ್ಲಿರುವ ಗೆಳೆಯರ ಪ್ರಯೋಗಶಾಲೆಯ ಸ್ಪೆಕ್ಟ್ರೋಫೋಟೋಮೀಟರಿನಲ್ಲಿಯೂ ಇಟ್ಟು ನೋಡಿದೆವು. ಒಂದೊಂದು ತರಂಗದೂರದ ಬೆಳಕು ಶೇಕಡಾ ಎಷ್ಟು ದಾಟುತ್ತದೆಂಬುದನ್ನು ಅಳೆದು ಗೆರೆಯಾಗಿ ತೋರಿಸುವ ಯಂತ್ರ ಅದು. ಹಸಿರು ಬೆಳಕಿನ ಬಳಿ ಶೇ 70ರ ಆಸುಪಾಸಿನಲ್ಲಿದ್ದ ಗೆರೆ, ಕೆಂಪನ್ನು ದಾಟುತ್ತಿದ್ದಂತೆ ಇಳಿಯತೊಡಗಿ, 950ರ ಹೊತ್ತಿಗೆ ಶೇ 10ರ ಕೆಳಗೆ ಬಿದ್ದಿತ್ತು. ಕಾಣುವ ಬೆಳಕಿಗೆ ಇಷ್ಟು ಸಮೀಪದಲ್ಲಿ ಹೀರಿಕೆ ಆರಂಭವಾಗುವುದು ಸೀಸಿಯಂ ಸೇರಿದ ಟಂಗ್‌ಸ್ಟನ್ ಆಕ್ಸೈಡಿನ ಲಕ್ಷಣ. ಆಂಟಿಮನಿ ಅಥವಾ ಇಂಡಿಯಂ ಬಗೆಯವು ಸಾಮಾನ್ಯವಾಗಿ ಇನ್ನೂ ದೂರದ, 1500 ನ್ಯಾನೊಮೀಟರಿನ ಆಚೆಯ ಅವಕೆಂಪಿನಲ್ಲಿ ಬಲವಾಗಿ ಹೀರುತ್ತವೆ. ಬಿಳಿ ಗೋಡೆಯ ಮೇಲೆ ಬೀಳುವ ಬೆಳಕಿನಲ್ಲಿ ಕಾಣುವ ತೀರ ನವಿರಾದ ನೀಲಿ ಛಾಯೆಗೂ ಕೆಂಪಿನ ತುದಿಯ ಈ ಹೀರಿಕೆಯೇ ಕಾರಣ. ಬಿಸಿಲಿನ ಅವಕೆಂಪು ಶಕ್ತಿಯ ಹೆಚ್ಚಿನ ಪಾಲು 750ರಿಂದ 1400ರ ನಡುವೆಯೇ ಇರುವುದರಿಂದ ನಮ್ಮ ಕಿಟಕಿಗೆ ಈ ಬಗೆಯೇ ಮೇಲು. ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿರುವ ಯಂತ್ರಗಳು 1100 ನ್ಯಾನೊಮೀಟರಿಗೇ ನಿಂತುಬಿಡುವುದರಿಂದ ಅದರಾಚೆಯ ಗೆರೆಯನ್ನು ನೋಡಲಾಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬಿಸಿಲಿನ ಶಕ್ತಿ 100 ಎಂದಿಟ್ಟುಕೊಂಡರೆ ಅದರಲ್ಲಿ 52 ಅವಕೆಂಪು, 44 ಬೆಳಕು, 4 ಅತಿನೇರಳೆ. ಬೆಳಕಿನಲ್ಲಿ ಶೇ 70, ಅಂದರೆ 31 ನೇರವಾಗಿ ಒಳಗೆ ಬರುತ್ತದೆ. ಅವಕೆಂಪಿನಲ್ಲಿ ಎಲ್ಲ ತರಂಗದೂರಗಳಲ್ಲಿಯೂ ಹತ್ತರಲ್ಲಿ ಒಂಬತ್ತು ಪಾಲು ನಿಲ್ಲುತ್ತದೆಂದು ಉದಾರವಾಗಿ ಒಪ್ಪಿಕೊಂಡರೂ 5 ಒಳಗೆ ಬಂತು. ನಿಂತದ್ದು ಎಲ್ಲಿಗೆ ಹೋಯಿತು ಎಂಬುದೇ ಮುಖ್ಯವಾದ ಪ್ರಶ್ನೆ. ಈ ಹರಳುಗಳು ಅವಕೆಂಪನ್ನು ಹೊರಕ್ಕೆ ಅಟ್ಟುವುದಿಲ್ಲ, ಹೀರುತ್ತವೆ. ಹೀರಿದ್ದು ಹಾಳೆಯಲ್ಲಿ, ಗಾಜಿನಲ್ಲಿ ಬಿಸಿಯಾಗಿ ಸೇರುತ್ತದೆ. ಹೀಗೆ ಹೀರಲ್ಪಟ್ಟ ಐವತ್ತಕ್ಕೂ ಮಿಕ್ಕಿದ ಪಾಲಿನಲ್ಲಿ ಹೆಚ್ಚಿನದನ್ನು ಹೊರಗಿನ ಗಾಳಿ ಕೊಂಡೊಯ್ಯುತ್ತದೆ, ಆದರೆ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ, ಸುಮಾರು 15, ಕೋಣೆಯೊಳಕ್ಕೆ ಮರಳುತ್ತದೆ. ಎಲ್ಲ ಕೂಡಿಸಿದರೆ 51 ಒಳಗೆ, 49 ಹೊರಗೆ. ನನ್ನ ಹಾಳೆಯ ಕರಪತ್ರದ ಹಿಂಬದಿಯಲ್ಲಿ, ಶೇ 92 ಎಂಬ ದೊಡ್ಡ ಅಂಕಿಗೆ ದೂರವಾಗಿ, ಸಣ್ಣ ಅಕ್ಷರದಲ್ಲಿ ‘ಒಟ್ಟು ಸೌರಶಕ್ತಿ ತಡೆ ಶೇ 48’ ಎಂದು ಮುದ್ರಿಸಿದ್ದರು. ಕಂಪನಿಯವರು ಪ್ರಾಮಾಣಿಕರೇ, ಅಕ್ಷರದ ಗಾತ್ರದಲ್ಲಿ ಮಾತ್ರ ಜಾಣರು. ಅದರಲ್ಲೂ ಬರಿಯ ಗಾಜೇ ಶೇ 15ರಷ್ಟನ್ನು ತಡೆಯುತ್ತಿತ್ತು ಎಂಬುದನ್ನು ಕಳೆದರೆ, ಕಿಟಕಿಯ ಮೂಲಕ ಮೊದಲು 85 ಬರುತ್ತಿದ್ದ ಶಾಖ ಈಗ 52ಕ್ಕೆ ಇಳಿದಿದೆ, ಅಂದರೆ ಸುಮಾರು ಶೇ 40ರಷ್ಟು ಕಡಿಮೆಯಾಗಿದೆ.

ಶೇ 40 ಸಣ್ಣ ಸಂಖ್ಯೆಯಲ್ಲ. ಇಳಿಹೊತ್ತಿನಲ್ಲಿ ಪಶ್ಚಿಮದ ಕಿಟಕಿಯ ಒಂದು ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತದೆಂದು ಹಿಡಿದರೆ, ಎರಡು ಚದರ ಮೀಟರಿನ ಕಿಟಕಿಯಿಂದ ಮೊದಲು ಸಾವಿರ ವ್ಯಾಟಿನಷ್ಟು ಒಳಬರುತ್ತಿದ್ದದ್ದು ಈಗ 600ರ ಹತ್ತಿರಕ್ಕೆ ಇಳಿಯುತ್ತದೆ. ಅನುಭವವೂ ಇದಕ್ಕೆ ಹೊಂದುತ್ತದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಾಗ ತೋಳಿಗೆ ಚುರುಗುಟ್ಟುತ್ತಿದ್ದ ಬಿಸಿಲು ಈಗ ಚುರುಗುಟ್ಟುವುದಿಲ್ಲ. ಕೋಣೆಯ ಗಾಳಿಯ ತಾಪ ಮಾತ್ರ ಎರಡು ಡಿಗ್ರಿಯಷ್ಟೇ ಇಳಿದಿದೆ. ಹೊರಗೆ 40 ಡಿಗ್ರಿ ದಾಟಿದ ಗಾಳಿ, ಮೇಲೆ ದಿನವಿಡೀ ಕಾದ ಸ್ಲ್ಯಾಬು ಇರುವಾಗ ಕಿಟಕಿಯೊಂದರಿಂದ ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ತಪ್ಪು. ಕೂಲರನ್ನು ಈಗಲೂ ಹಚ್ಚುತ್ತೇವೆ, ಆದರೆ ಸಂಜೆ ಪರದೆ ಎಳೆದು ಕತ್ತಲಲ್ಲಿ ಕೂರುವುದು ತಪ್ಪಿದೆ.

ಗಾಜು ಬಿಸಿಯಾಗುವ ಸಂಗತಿಯನ್ನು ಅಂಗಡಿಯವರು ಹೇಳಿಯೇ ಇರಲಿಲ್ಲ. ಫಿಲ್ಮ್ ಇರುವ ಗಾಜನ್ನು ಸಂಜೆ ಮುಟ್ಟಿದರೆ ಬರಿಯ ಗಾಜಿಗಿಂತ ಬಿಸಿಯಾಗಿರುತ್ತದೆ. ಮನೆಯವರು ಇದನ್ನು ಮೊದಲು ಗಮನಿಸಿ ಹಾಳೆಯೇ ಖೋಟಾ ಇರಬೇಕೆಂದು ಅನುಮಾನಪಟ್ಟರು. ಹೀರುವ ಬಗೆಯ ಹಾಳೆ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಆ ಬಿಸಿಯೇ ಸಾಕ್ಷಿ. ಆದರೆ ಇದರಲ್ಲಿ ಅಪಾಯವೂ ಇದೆ. ಗಾಜಿನ ನಡುಭಾಗ ಕಾದು, ಚೌಕಟ್ಟಿನೊಳಗೆ ಸಿಕ್ಕಿಕೊಂಡ ಅಂಚು ತಣ್ಣಗೇ ಉಳಿದರೆ ಗಾಜಿನಲ್ಲಿ ಎಳೆತ ಹುಟ್ಟುತ್ತದೆ; ಕತ್ತರಿಸುವಾಗ ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೆ ಅಲ್ಲಿಂದ ಸೀಳು ಹೊರಡಬಹುದು. ತಂತಿಜಾಲವಿರುವ ಗಾಜಿಗೆ, ಎರಡು ಪದರದ ನಡುವೆ ಗಾಳಿಯಿಟ್ಟು ಮುಚ್ಚಿದ ಗಾಜಿಗೆ, ಮೊದಲೇ ಬಣ್ಣವಿರುವ ದಪ್ಪ ಗಾಜಿಗೆ ಇದನ್ನು ಕೇಳದೆ ಕೇಳಿಸದೆ ಅಂಟಿಸಬಾರದು. ಸಾದಾ ತಿಳಿಗಾಜಿನ ಸಣ್ಣ ಪಡಕಗಳಿಗೆ ಹೆಚ್ಚಿನ ಭಯವಿಲ್ಲ. ಟಫನ್ ಮಾಡಿದ ಗಾಜಿಗೆ ಇನ್ನೂ ಕಡಿಮೆ.

ಅಂಟಿಸುವ ಸೇವೆಯ ಬಗ್ಗೆ ನನ್ನ ಅಸಮಾಧಾನ ದೊಡ್ಡದು. ಸಾಬೂನು ನೀರು ಚಿಮುಕಿಸಿ, ಹಾಳೆಯನ್ನು ಗಾಜಿನ ಒಳಮೈಗೆ ಹಾಸಿ, ರಬ್ಬರ್ ಪಟ್ಟಿಯಿಂದ ನೀರನ್ನು ಅಂಚಿಗೆ ತಳ್ಳಿ ಕೂರಿಸುತ್ತಾರೆ. ಹುಡುಗರ ಕೈಚಳಕ ಚೆನ್ನಾಗಿತ್ತು; ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಬಿಟ್ಟು ಒಂದೇ ಗೀಟಿನಲ್ಲಿ ಕೊಯ್ದರು. ಆದರೆ ಅವರು ಬಳಸಿದ್ದು ನಮ್ಮ ಓಣಿಯ ಬೋರಿನ ನೀರನ್ನು. ನಮ್ಮ ಭಾಗದ ಬೋರಿನ ನೀರು ಎಷ್ಟು ಗಡಸು ಎಂಬುದಕ್ಕೆ ನಳದ ಬಾಯಿಗೆ ಕಟ್ಟುವ ಬಿಳಿ ಪಾಚಿಯೇ ಸಾಕ್ಷಿ. ಕೆಲವು ವಾರಗಳಲ್ಲಿ ನೀರು ಆರಿದ ಮೇಲೆ ಒಂದು ಪಡಕದ ಕೆಳಮೂಲೆಯಲ್ಲಿ ಹಾಳೆಯ ಒಳಗೆ ಸುಣ್ಣದ ಸಣ್ಣ ಸುರುಳಿಗಳು ಉಳಿದವು, ಅವನ್ನು ಹಾಳೆ ಕಿತ್ತೇ ತೆಗೆಯಬೇಕು. ಫೋನ್ ಮಾಡಿದರೆ “ಒಣಗಿದ ಮ್ಯಾಲ ಹೋಗತೈತ್ರಿ” ಎಂಬ ಉತ್ತರ ಬಂತು. ಅದು ಒಣಗಿದ್ದರಿಂದಲೇ ಬಂದದ್ದು. ಈ ಕೆಲಸಕ್ಕೆ ಆರ್‌ಒ ನೀರನ್ನಾದರೂ ಮನೆಯವರೇ ಬಕೆಟ್ಟಿನಲ್ಲಿ ತುಂಬಿಟ್ಟು ಕೊಡುವುದು ಲೇಸು. ಗಾಳಿ ಎದ್ದು ಧೂಳು ಹಾರುವ ಹೊತ್ತಿನಲ್ಲಿ ಕೆಲಸ ಬೇಡವೆಂದು ಹೇಳುವುದೂ ಲೇಸು, ಏಕೆಂದರೆ ಹಾಳೆಯಡಿ ಸಿಕ್ಕ ಒಂದೊಂದು ಕಣವೂ ಗುಳ್ಳೆಯಾಗಿ ನಿಲ್ಲುತ್ತದೆ.

ಬೆಲೆ ಸಾದಾ ಫಿಲ್ಮಿನ ಮೂರು ಪಟ್ಟಿಗೂ ಹೆಚ್ಚು. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಅಥವಾ ಹಸಿರು ನೆರಳುಬಲೆ ಕಟ್ಟಲು ಜಾಗವಿದ್ದವರು ಈ ಹಣ ಖರ್ಚು ಮಾಡಬೇಕಾಗಿಲ್ಲ; ಬಿಸಿಲನ್ನು ಗಾಜಿಗೆ ತಾಗುವ ಮೊದಲೇ ತಡೆಯುವ ಯಾವುದೇ ನೆರಳು ಈ ಹಾಳೆಗಿಂತ ಹೆಚ್ಚು ಸೆಕೆಯನ್ನು ಹೊರಗಿಡುತ್ತದೆ, ಮತ್ತು ಅದರ ಬಿಸಿ ಹೊರಗೇ ಉಳಿಯುತ್ತದೆ. ಮೇಲಿನ ಅಂತಸ್ತು, ಹೊರಗೆ ಏನೂ ಕಟ್ಟಲಾಗದ ಗೋಡೆ, ಬೆಳಕೂ ನೋಟವೂ ಬೇಕೆನ್ನುವ ಮನೆ, ಇಂಥಲ್ಲಿ ನ್ಯಾನೊ ಸೆರಾಮಿಕ್ ಹಾಳೆ ದುಡ್ಡಿಗೆ ತಕ್ಕ ಮಾಲು. ಉತ್ತರದ ಕಿಟಕಿಗೆ ಅಂಟಿಸಿಕೊಳ್ಳುವುದು ದಂಡ. ಪುಸ್ತಕದ ಬೆನ್ನು, ಪರದೆ ಬಿಳಿಚಿಕೊಳ್ಳದಿರಲೆಂಬುದಷ್ಟೇ ಉದ್ದೇಶವಾದರೆ ಅಗ್ಗದ ತಿಳಿ ಫಿಲ್ಮೂ ಸಾಕು, ಏಕೆಂದರೆ ಅತಿನೇರಳೆಯನ್ನು ಶೇ 99ರಷ್ಟು ತಡೆಯುವ ಕೆಲಸವನ್ನು ಬಹುಮಟ್ಟಿಗೆ ಪಾಲಿಯೆಸ್ಟರಿಗೂ ಅಂಟಿಗೂ ಬೆರೆಸಿದ ಬೇರೆ ರಾಸಾಯನಿಕಗಳು ಮಾಡುತ್ತವೆ. ಬಾಳಿಕೆಯ ವಿಷಯದಲ್ಲಿ, ಟಂಗ್‌ಸ್ಟನ್ ಬಗೆಯ ಹರಳುಗಳಿಗೆ ತೇವ ಮತ್ತು ಶಾಖ ಒಟ್ಟಿಗೆ ತಾಗಿದರೆ ಅವುಗಳ ಹೀರುವ ಶಕ್ತಿ ಕುಂದುತ್ತದೆ. ಹಾಳೆಯನ್ನು ಒಳಮೈಗೇ ಅಂಟಿಸಬೇಕೆನ್ನುವುದಕ್ಕೆ ಅದೂ ಒಂದು ಕಾರಣ. ವಾರಂಟಿ ಪತ್ರದಲ್ಲಿ ಬಣ್ಣ, ಗುಳ್ಳೆ, ಸಿಪ್ಪೆ ಏಳುವಿಕೆಗಳ ಪ್ರಸ್ತಾಪ ಮಾತ್ರ ಇರುವುದು ಸಾಮಾನ್ಯ; ಒಟ್ಟು ಸೌರಶಕ್ತಿ ತಡೆಯ ಅಂಕಿಯನ್ನೂ ಬರೆದುಕೊಡಿ ಎಂದು ನಾನು ಕೇಳಿದೆ, ಬರೆದುಕೊಡಲಿಲ್ಲ.

ಉಳಿದ ತುಂಡನ್ನು ಕಾರಿಗೆ ಹಾಕಿಕೊಡುತ್ತೇವೆ ಎಂದು ಅಂಗಡಿಯವರೇ ಮುಂದೆ ಬಂದದ್ದರಿಂದ ಅದರ ಬಗ್ಗೆಯೂ ಒಂದು ಮಾತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಶೇ 70ರಷ್ಟು, ಪಕ್ಕದ ಗಾಜುಗಳು ಶೇ 50ರಷ್ಟು ಬೆಳಕನ್ನಾದರೂ ಬಿಡಲೇಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಮೇಲೆ ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಆ ಬಳಿಕ ನಿಯಮಕ್ಕೆ ಬಂದ ತಿದ್ದುಪಡಿಯನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟ್ ಈ ಮಿತಿಗಳೊಳಗಿನ ಫಿಲ್ಮುಗಳಿಗೆ ಅಡ್ಡಿಯಿಲ್ಲವೆಂದಿತು. ಈ ಮಿತಿ ಫಿಲ್ಮಿಗಲ್ಲ, ಗಾಜು ಮತ್ತು ಫಿಲ್ಮು ಎರಡೂ ಸೇರಿದ ಒಟ್ಟು ಪ್ರಮಾಣಕ್ಕೆ. ಶೇ 80 ಬೆಳಕು ಬಿಡುವ ಗಾಜಿಗೆ ಶೇ 70ರ ಹಾಳೆ ಅಂಟಿಸಿದರೆ ಉಳಿಯುವುದು ಶೇ 56. ಪಕ್ಕದ ಗಾಜಿಗೆ ಅದು ಸಾಕಾಗುತ್ತದೆ, ಮುಂದಿನ ಗಾಜಿಗೆ ಸಾಲುವುದಿಲ್ಲ. ‘ಸೆವೆಂಟಿ ಪರ್ಸೆಂಟ್ ಐತ್ರಿ, ಪೊಲೀಸರು ಹಿಡಿಯಂಗಿಲ್ಲ’ ಎಂಬ ಭರವಸೆಯಲ್ಲಿ ಈ ಗುಣಾಕಾರ ಸೇರಿರುವುದಿಲ್ಲ.